ಸ್ಟೇರಿಂಗ್ ಬೇರೆಯವರ ಕೈಲಿ, ಟೆನ್ಷನ್ ನಮ್ಮ ತಲೇಲಿ

(ಇದು 2022ರ ಆಗಸ್ಟಲ್ಲಿ ಬರೆದದ್ದು.) ಹೋದ ತಿಂಗಳ ಸಂಚಿಕೇಲಿ ಒಂದು ಮೂಲೇಲಿ, 'ಎಫ್ ಒನ್ ಮ್ಯಾನೇಜರ್ 2022' ಅನ್ನೋ, ಫಾರ್ಮುಲಾ ಒನ್ ಕಾರ್ ರೇಸಿನ ಟೀಮ್ ನಡೆಸೋ ಗೇಮ್ ಆಗಸ್ಟ್ 30ಕ್ಕೆ ಬರ್ತಿದೆ ಅಂತ ನಾಲ್ಕು ಸಾಲು ಹಾಕಿದ್ವಿ, ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರತ್ತೆ ಅಂತ ಯಾರಿಗೂ ಅನ್ಸಿರ್ಲಿಲ್ಲ. ಅದರಲ್ಲೂ ಜುಲೈ 31ರ ಹಂಗೇರಿ ರೇಸ್ ಆದಮೇಲೆ ಬಂದಿರೋದೇ ಜಾಸ್ತಿ, ಫೆರಾರಿ ಟೀಮಿನ ಅಭಿಮಾನಿಗಳದ್ದಂತೂ ಪ್ರಶ್ನೆಗಿಂತ ಗೋಳೇ ಹೆಚ್ಚು. ಎಲ್ಲದಕ್ಕೂ ಜಾಗ ಇಲ್ಲ, ಒಂದೇ ಥರದ್ದನ್ನ ಒಟ್ಟಿಗೆ ಸೇರಿಸಿ ಉತ್ತರ ಬರೆದಿದೀನಿ.

ಸಾರ್, ಎಫ್ ಒನ್ 22 ಅಂತ ಜುಲೈ ಒಂದನೇ ತಾರೀಕೇ ಒಂದು ಗೇಮ್ ಬಂತಲ್ಲ, ನಾನು ತಗೊಂಡಾಯ್ತು. ಈಗ ಇದೇನು ಇನ್ನೊಂದು? ಕಾರ್ ಓಡಿಸೋ ಹಾಗಿಲ್ಲ ಅಂತಾರೆ, ಓಡಿಸದೆ ಏನ್ ಮಾಡೋದು ಅದರಲ್ಲಿ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಎರಡೂ ಬೇರೆ ಬೇರೆ ಗುರು. ನೀವು ತಗೊಂಡಿರೋದು ಕೋಡ್‌ಮಾಸ್ಟರ್ಸ್ ಮಾಡಿರೋ ಇಎ ಕಂಪನಿ ಗೇಮ್, ಅದರಲ್ಲಿ ನೀವು ಡ್ರೈವರ್. ಇದನ್ನ ಮಾಡ್ತಿರೋದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರೋ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್, ಇದರಲ್ಲಿ ನೀವು ಟೀಮ್ ಪ್ರಿನ್ಸಿಪಾಲ್, ಅಂದ್ರೆ ಟಿವೀಲಿ ಹೆಡ್‌ಫೋನ್ ಹಾಕ್ಕೊಂಡು ಪಿಟ್ ವಾಲ್ ಮೇಲೆ, ಅಂದ್ರೆ ರೇಸ್ ಮಧ್ಯೆ ಟೈರ್ ಬದಲಾಯ್ಸೋ ಪಿಟ್ ಅನ್ನೋ ಜಾಗದ ಕಟ್ಟೆ ಮೇಲೆ, ಕೂತು ಉಗುರು ಕಚ್ತಿರ್ತಾರಲ್ಲ ಆ ಮನುಷ್ಯ. ಡ್ರೈವರ್ ಯಾರನ್ನ ತಗೋಬೇಕು, ಎಷ್ಟು ಸಂಬಳ, ರೇಸ್ ಇಂಜಿನಿಯರ್ ಯಾರು, ಈ ತಿಂಗಳು ಫ್ರಂಟ್ ವಿಂಗ್ ಡಿಸೈನ್ ಮಾಡಿಸ್ಬೇಕಾ ಕಾರಿನ ತಳ ಅಂದ್ರೆ ಫ್ಲೋರ್ ಮಾಡಿಸ್ಬೇಕಾ, ಫ್ಯಾಕ್ಟರೀಲಿ ಹಳೇ ಬಿಲ್ಡಿಂಗ್ ರಿಪೇರಿಗೆ ದುಡ್ಡು ಹಾಕ್ಬೇಕಾ, ಇದೆಲ್ಲ ವಾರ ಪೂರ್ತಿ ತಲೆನೋವು. ಭಾನುವಾರ ಬಂತು ಅಂದ್ರೆ ಯಾವ ಟೈರ್, ಯಾವ ಲ್ಯಾಪಲ್ಲಿ ಅಂದ್ರೆ ಸುತ್ತಲ್ಲಿ ಪಿಟ್, ಡ್ರೈವರ್‌ಗೆ 'ಜೋರಾಗಿ ಹೋಗು' ಅನ್ನೋದಾ 'ಟೈರ್ ಉಳಿಸ್ಕೋ' ಅನ್ನೋದಾ. ರೇಸ್ ಟಿವೀಲಿ ನೋಡ್ದಂಗೇ ಕಾಣತ್ತೆ, ಕಾರೊಳಗಿನ ಕ್ಯಾಮೆರಾನೂ ಇದೆ, ರೇಡಿಯೋದಲ್ಲಿ ನಿಜವಾದ ಡ್ರೈವರ್‌ಗಳ ದನೀನೇ ಕೇಳತ್ತೆ.

ಎಫ್ ಒನ್ 22ರ 'ಮೈ ಟೀಮ್' ಅನ್ನೋ ಭಾಗದಲ್ಲೂ ಟೀಮ್ ನಡೆಸೋದು ಸ್ವಲ್ಪ ಇದೆ, ಆದ್ರೆ ಅಲ್ಲಿ ಎಷ್ಟೇ ಕೆಟ್ಟ ಕಾರ್ ಇದ್ರೂ ಕೈಯಲ್ಲಿ ಜೋರಿದ್ರೆ ಗೆದ್ದುಬಿಡಬಹುದು. ಇಲ್ಲಿ ಆ ದಾರಿ ಮುಚ್ಚಿದೆ. ನಿಮ್ಮ ಡ್ರೈವರ್ ಕಾರ್ನರಲ್ಲಿ ಅಗಲ ಹೋಗಿಬಿಟ್ಟ ಅಂದ್ರೆ ಸುಮ್ನೆ ನೋಡ್ತಾ ಕೂರ್ಬೇಕು, ನನಗಂತೂ ಮಜಾ ಇರೋದೇ ಅಲ್ಲಿ.

ಯಾಕ್ರೀ ಸರ, ಫೆರಾರಿಯವ್ರಿಗೆ ಈ ಗೇಮ್ ಒಂದು ಸಿಡಿ ಕಳಿಸಿಕೊಟ್ರ ಹೆಂಗ್ರಿ? ಅವ್ರ ಡ್ರೈವರ್ ಲೆಕ್ಲೇರ್ ಪಾಪ ಏನ್ ತಪ್ಪು ಮಾಡ್ಯಾನ್ರೀ. ನಾನು ಕುಂತಲ್ಲೇ ಹೇಳಿದ್ದೆ ಆ ಬಿಳಿ ಟೈರ್ ಹಾಕಬ್ಯಾಡ್ರೋ ಅಂತ. ಈ ಗೇಮಿನ್ಯಾಗ ನನ್ನಂಥವ್ರು ಫೆರಾರಿ ತಗೊಂಡು ಚಾಂಪಿಯನ್ ಮಾಡ್ಬಹುದೋ ಇಲ್ಲೋ?
(ಹಾರ್ಡ್‌ವೇರ್ ಅಂಗಡಿ ಮಾಲೀಕರು, ಹುಬ್ಬಳ್ಳಿ)

ಮಾಡ್ಬಹುದು ಸರ, ಮಾಡೇ ಮಾಡ್ತೀರಿ, ಕಾರ್ ಅಷ್ಟು ಚೆನ್ನಾಗಿದೆ ಈ ವರ್ಷ. ಆದ್ರೆ ನಿಮ್ಮ ಪತ್ರ ಓದಿ ನನಗೆ ಇನ್ನೊಂದು ಯೋಚನೆ ಬಂತು, ಅದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಈ ಗೇಮ್ ಗೆಲ್ಲತ್ತೋ ಸೋಲತ್ತೋ ಅನ್ನೋದು ನನ್ನ ಪ್ರಕಾರ ಇಲ್ಲೇ ತೀರ್ಮಾನ ಆಗೋದು.

ಹಂಗೇರೀಲಿ ಆಗಿದ್ದೇನು ನೋಡಿ. 70 ಲ್ಯಾಪ್ ರೇಸ್. ಲೆಕ್ಲೇರ್ ಮುಂದಿದ್ದ, ಮೀಡಿಯಂ ಟೈರಲ್ಲಿ, ಅಂದ್ರೆ ಹಳದಿ ಗೆರೆದು, ಚೆನ್ನಾಗೇ ಓಡ್ತಿತ್ತು. 38ನೇ ಲ್ಯಾಪಲ್ಲಿ ರೆಡ್‌ಬುಲ್ ಟೀಮಿನ ವರ್ಸ್ಟಾಪನ್ ಪಿಟ್‌ಗೆ ಬಂದ. ಇವನೇನೋ ಅಂಡರ್‌ಕಟ್ (ಏನಂತ ಕೆಳಗೆ ಹೇಳಿದೀನಿ) ಮಾಡಿಬಿಡ್ತಾನೆ ಅಂತ ಹೆದರಿ ಫೆರಾರಿಯವರು ಮುಂದಿನ ಲ್ಯಾಪಲ್ಲೇ ಲೆಕ್ಲೇರ್‌ನ ಕರೆದು ಹಾರ್ಡ್ ಟೈರ್, ಅದೇ ನಿಮ್ಮ ಬಿಳೀದು, ಹಾಕಿ ಕಳಿಸಿದ್ರು. ಆ ಚಳಿಗೆ ಆ ಟೈರ್ ಬಿಸಿನೇ ಆಗ್ತಿರ್ಲಿಲ್ಲ. ಅದಕ್ಕಿಂತ ಬೇಜಾರಿನ ವಿಷಯ ಏನಪ್ಪಾ ಅಂದ್ರೆ ಅಷ್ಟೊತ್ತಿಗಾಗಲೇ ಆಲ್ಪೀನ್ ಟೀಮಿನ ಎರಡೂ ಕಾರು ಅದೇ ಟೈರ್ ಹಾಕ್ಕೊಂಡು ತೆವಳ್ತಾ ಇದ್ವು, ಕಣ್ಣೆದುರಿಗೇ. ವರ್ಸ್ಟಾಪನ್ ನಡುವೆ ಒಂದ್ಸಲ ಗಿರ್ರನೆ ತಿರುಗಿ ನಿಂತ್ರೂ, ಹತ್ತನೇ ಜಾಗದಿಂದ ಶುರು ಮಾಡಿದ್ರೂ ಗೆದ್ದ. ಲೆಕ್ಲೇರ್ ಇನ್ನೊಂದ್ಸಲ ಪಿಟ್‌ಗೆ ಬಂದು ಸಾಫ್ಟ್ ಹಾಕ್ಕೊಂಡು ಕೊನೆಗೆ ಆರನೇದು. ಇದೊಂದೇ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು, ಮೊನಾಕೋದಲ್ಲಿ ಪೋಲ್, ಅಂದ್ರೆ ಶುರುವಿನ ಸಾಲಲ್ಲಿ ಮೊದಲ ಜಾಗ, ಇಟ್ಕೊಂಡು ನಾಲ್ಕನೇದಾದ, ಪಿಟ್ ಬಾಯಿಗೆ ಬರೋವಷ್ಟರಲ್ಲಿ 'ಬರಬೇಡ, ಬರಬೇಡ' ಅಂತ ರೇಡಿಯೋ, ಅಷ್ಟೊತ್ತಿಗೆ ಒಳಗೇ ಬಂದಾಗಿತ್ತು, ಮುಂದೆ ಜೊತೆ ಡ್ರೈವರ್ ಸೈನ್ಜ್ ಕಾರು ನಿಂತಿತ್ತು. ಸಿಲ್ವರ್‌ಸ್ಟೋನಲ್ಲಿ ರೇಸ್ ನಿಧಾನ ಮಾಡಿಸೋ ಸೇಫ್ಟಿ ಕಾರ್ ಬಂದಾಗ ಸೈನ್ಜ್‌ಗೆ ಹೊಸ ಟೈರ್ ಕೊಟ್ಟು ಇವನನ್ನ ಹಳೇದರಲ್ಲೇ ಬಿಟ್ರು, ಅಲ್ಲೂ ನಾಲ್ಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಈ ಹುಡುಗನ ವಿಷಯದಲ್ಲಿ ಮೂರು ಮೂರು ಸಲ ಆಯ್ತು.

ನನ್ನ ಪ್ರಶ್ನೆ ಏನಂದ್ರೆ, ನೀವು ಗೇಮಲ್ಲಿ ವಿಲಿಯಮ್ಸ್ ಟೀಮ್ ತಗೊಂಡು ಆಡ್ತಾ ಇದ್ದಾಗ ಆ ಕಡೆ ಕಂಪ್ಯೂಟರ್ ನಡೆಸ್ತಿರೋ ಫೆರಾರಿ ಇಂಥ ಎಡವಟ್ಟು ಮಾಡತ್ತಾ? ಹೆದರಿ ತಪ್ಪು ಟೈರ್ ಹಾಕತ್ತಾ? ಇಬ್ಬರು ಡ್ರೈವರ್‌ನ ಒಟ್ಟಿಗೆ ಕರೆದು ಗೊಂದಲ ಮಾಡ್ಕೊಳತ್ತಾ? ಹಳೇ ಮ್ಯಾನೇಜರ್ ಗೇಮ್‌ಗಳಲ್ಲಿ ಎದುರು ಟೀಮ್‌ಗಳು ಒಂದೋ ಪಕ್ಕಾ ಲೆಕ್ಕದ ಮಾಸ್ತರರಂಗೆ ಆಡ್ತವೆ, ಇಲ್ಲಾ ಅಂದ್ರೆ ಅರ್ಥವೇ ಇಲ್ಲದ ಹಾಗೆ ಒಣ ಟ್ರ್ಯಾಕಲ್ಲಿ ಮಳೆ ಟೈರ್ ಹಾಕ್ಕೊಂಡು ಓಡ್ತಿರ್ತವೆ. ಮನುಷ್ಯರು ಮಾಡೋ ತಪ್ಪಿಗೆ ಒಂದು ಕಾರಣ ಇರತ್ತೆ, ಹೆದರಿಕೆ, ಆತುರ, ಪಕ್ಕದವನು ಮಾಡ್ದ ಅಂತ ನಾನೂ ಮಾಡೋದು. ಅದನ್ನ ಫ್ರಾಂಟಿಯರ್‌ನವರು ತಂದ್ರೆ ಈ ಗೇಮ್ ಹತ್ತು ವರ್ಷ ಆಡ್ಬಹುದು, ತರದೇ ಇದ್ರೆ ಗ್ರಾಫಿಕ್ಸ್ ನೋಡಿ ಎರಡು ತಿಂಗಳಿಗೆ ಬೋರ್ ಆಗತ್ತೆ. ಟ್ರೇಲರಲ್ಲಿ ಇದು ಕಾಣೋ ವಿಷಯ ಅಲ್ಲ.

ಅಂದಹಾಗೆ ಸಿಡಿ ಕಳಿಸೋ ಖರ್ಚು ಬೇಡ ಸರ, ಅವರಲ್ಲಿ ಕಂಪ್ಯೂಟರಿಗೇನೂ ಕಮ್ಮಿ ಇಲ್ಲ.

'ಅಂಡರ್‌ಕಟ್' ಅಂತ ಎಲ್ರೂ ಹೇಳ್ತಾರೆ, ಕೇಳೋಕೆ ನಾಚಿಕೆ. ಒಂದ್ಸಲ ಬಿಡಿಸಿ ಹೇಳ್ತೀರಾ?
(ಹೆಸರು ಬೇಡ ಅಂದವರು, ಚಿತ್ರದುರ್ಗ)

ನಾಚಿಕೆ ಯಾಕೆ. ನೀವು ಒಬ್ಬನ ಹಿಂದೆ ಎರಡು ಸೆಕೆಂಡ್ ದೂರದಲ್ಲಿದೀರಿ, ಹಿಂದೆ ಹಾಕಕ್ಕೆ ಆಗ್ತಿಲ್ಲ, ಇಬ್ಬರದ್ದೂ ಟೈರ್ ಸವೆದಿದೆ. ನೀವು ಅವನಿಗಿಂತ ಒಂದು ಲ್ಯಾಪ್ ಮುಂಚೆ ಪಿಟ್‌ಗೆ ಬಂದು ಹೊಸ ಟೈರ್ ಹಾಕ್ಕೋತೀರಿ, ಅವನು ಹಳೇ ಟೈರಲ್ಲಿ ಇನ್ನೊಂದು ಸುತ್ತು ಹಾಕೋ ಹೊತ್ತಿಗೆ ನೀವು ಹೊಸದರಲ್ಲಿ ಎರಡೂವರೆ ಸೆಕೆಂಡ್ ಬೇಗ ಬಂದ್ರೆ, ಅವನು ಪಿಟ್ ಮುಗಿಸಿ ಹೊರಗೆ ಬರೋವಾಗ ನೀವು ಮುಂದೆ. ಅಷ್ಟೇ. ಕಷ್ಟ ಎಲ್ಲಿ ಅಂದ್ರೆ, ಪಿಟ್‌ಗೆ ಹೋಗಿ ಬರೋಕೆ ಇಪ್ಪತ್ತು ಸೆಕೆಂಡ್ ಆಸುಪಾಸು ಹೋಗತ್ತಲ್ಲ, ಆಚೆ ಬಂದಾಗ ಯಾವುದೋ ನಿಧಾನದ ಕಾರಿನ ಹಿಂದೆ ಸಿಕ್ಕಾಕೊಂಡ್ರೆ ಹೊಸ ಟೈರ್ ಇದ್ದೂ ದಂಡ. ಹಂಗಾಗಿ ಪಿಟ್ ವಾಲಲ್ಲಿ ಕೂತವರು ಮುಂದಿನವನಿಗಿಂತ ಹಿಂದಿರೋ ಇಪ್ಪತ್ತು ಸೆಕೆಂಡಿನ ಜಾಗವನ್ನೇ ಜಾಸ್ತಿ ನೋಡ್ತಿರ್ತಾರೆ. ಹೊಸ ಟೈರ್ ಬೇಗ ಬಿಸಿ ಆಗದೇ ಇದ್ರೆ ಈ ಆಟ ಉಲ್ಟಾನೂ ಹೊಡೆಯತ್ತೆ, ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ ಕಥೆ ಅದೇ.

ಪ್ರೀ ಆರ್ಡರ್ ಮಾಡಿದ್ರೆ ಐದು ದಿನ ಮುಂಚೆ ಆಡ್ಬಹುದಂತೆ ನಿಜಾನಾ? ಮಾಡ್ಲಾ? ನಂದು ನಾಲ್ಕು ವರ್ಷದ ಹಳೇ ಲ್ಯಾಪ್‌ಟಾಪ್.
(ಬಿಕಾಂ ಎರಡನೇ ವರ್ಷ, ದಾವಣಗೆರೆ)

ನಿಜ, ಡಿಜಿಟಲ್ ಪ್ರೀ ಆರ್ಡರ್ ಮಾಡಿದವರಿಗೆ ಆಗಸ್ಟ್ 25ಕ್ಕೇ ಸಿಗತ್ತೆ. ಆದ್ರೆ ಮಾಡ್ಬೇಡಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ? ಐದು ದಿನ ಕಾದ್ರೆ ಆಡಿದವರ ಮಾತು ಕೇಳ್ಬಹುದು, ಮೊದಲನೇ ವರ್ಷದ ಗೇಮ್ ಅಂದ್ಮೇಲೆ ಬಗ್ ಇದ್ದೇ ಇರತ್ತೆ, ಅದೂ ಗೊತ್ತಾಗತ್ತೆ. ಲ್ಯಾಪ್‌ಟಾಪ್ ವಿಷಯ: ಮ್ಯಾನೇಜರ್ ಗೇಮ್ ಅಲ್ವಾ, ಬರೀ ಅಂಕಿ ಅಂಶ ತಾನೇ, ಎಲ್ಲಾದರಲ್ಲೂ ಓಡತ್ತೆ ಅಂದ್ಕೋಬೇಡಿ, ರೇಸ್ ಪೂರ್ತಿ ತ್ರೀಡಿ, ಇಪ್ಪತ್ತು ಕಾರು ಒಟ್ಟಿಗೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದ್ರೆ ಕಷ್ಟ. ಸ್ಟೀಮಲ್ಲಿ ತಗೊಂಡು, 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳ್ಬಹುದು. ತಗೊಂಡ ತಕ್ಷಣ ಸಂಬಳ, ಕಾಂಟ್ರಾಕ್ಟ್ ಅಂತ ಮೆನು ನೋಡ್ತಾ ಕೂತ್ಕೋಬೇಡಿ, ಆ ಎರಡು ಗಂಟೆ ಅಲ್ಲೇ ಹೋಗಿಬಿಡತ್ತೆ, ಸೀದಾ ಮೊದಲನೇ ರೇಸ್‌ಗೆ ಹೋಗಿ ಓಡತ್ತಾ ಇಲ್ವಾ ನೋಡಿ.

ನಾನು 2016ರಿಂದ ಮೋಟರ್‌ಸ್ಪೋರ್ಟ್ ಮ್ಯಾನೇಜರ್ ಆಡ್ತಿದೀನಿ, ಇವತ್ತಿಗೂ ಆಡ್ತೀನಿ. ಹೊಸದು ಅದಕ್ಕಿಂತ ಚೆನ್ನಾಗಿರತ್ತೆ ಅಂತ ನಿಮಗೆ ನಿಜವಾಗ್ಲೂ ಅನ್ಸತ್ತಾ? ಲೈಸೆನ್ಸ್ ಇದೆ ಅನ್ನೋದು ಬಿಟ್ರೆ ಏನಿದೆ?
(ಸಾಫ್ಟ್‌ವೇರ್ ಟೆಸ್ಟರ್, ಮೈಸೂರು)

ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ನಮ್ಮ ಜಾತಿಯವರೇ ಒಬ್ರು ಸಿಕ್ಕಿದ್ರಿ. ಗೊತ್ತಿಲ್ಲದವರಿಗೆ ಎರಡು ಮಾತು: ಪ್ಲೇಸ್ಪೋರ್ಟ್ ಗೇಮ್ಸ್ ಅನ್ನೋ ಚಿಕ್ಕ ತಂಡ 2014ರಲ್ಲಿ ಮೊಬೈಲ್‌ಗೆ ಅಂತ ಮಾಡಿದ್ದು, ಅದು ಓಡ್ತು ಅಂತ 2016ರ ನವೆಂಬರಲ್ಲಿ ಸೇಗಾ ಮೂಲಕ ಪಿಸಿಗೂ ಬಂತು. ಎಫ್ ಒನ್ ಲೈಸೆನ್ಸ್ ಇರ್ಲಿಲ್ಲ, ಟೀಮ್ ಡ್ರೈವರ್ ಎಲ್ಲಾ ಕಲ್ಪನೇದು, ಆದ್ರೂ ಜನ ಮಾಡ್, ಅಂದ್ರೆ ಆಟಗಾರರೇ ಮಾಡಿದ ಬದಲಾವಣೆ ಫೈಲ್, ಹಾಕ್ಕೊಂಡು ನಿಜವಾದ ಹೆಸರು, ಬಣ್ಣ ತಂದ್ಕೊಂಡು ಇವತ್ತಿಗೂ ಆಡ್ತಾರೆ.

ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ ಎರಡು ವಿಷಯದಲ್ಲಿ ಹಳೇದೇ ಮೇಲು ಅನ್ಸತ್ತೆ. ಒಂದು, ಅಲ್ಲಿ ಕೆಳಗಿನ ಸೀರೀಸಲ್ಲಿ ಬಡ ಟೀಮ್ ತಗೊಂಡು ಮೇಲಕ್ಕೆ ಹತ್ತಬಹುದಿತ್ತು, ಆಮೇಲೆ ಬಂದ ಎಕ್ಸ್‌ಪಾನ್ಷನಲ್ಲಿ ನಮ್ಮದೇ ಟೀಮ್ ಕಟ್ಟಬಹುದಿತ್ತು. ಇಲ್ಲಿ ಇರೋ ಹತ್ತು ಟೀಮಲ್ಲಿ ಒಂದನ್ನ ಆರಿಸ್ಕೋಬೇಕು ಅಷ್ಟೇ, ಸ್ವಂತ ಟೀಮ್ ಇಲ್ಲ, ಎಫ್ ಒನ್‌ಗಿಂತ ಕೆಳಗಿನ ಮೆಟ್ಟಿಲಾದ ಎಫ್ ಟೂ ಎಫ್ ತ್ರೀ ಟೀಮ್ ನಡೆಸೋ ಹಾಗಿಲ್ಲ, ಅಲ್ಲಿಂದ ಹುಡುಗರನ್ನ ತಗೋಬಹುದು ಅಷ್ಟೇ. ಎರಡನೇದು ರಾಜಕೀಯ. ಹಳೇದರಲ್ಲಿ ರೂಲ್ ಬದಲಾಯ್ಸೋಕೆ ವೋಟ್ ಹಾಕ್ತಿದ್ವಲ್ಲ, ನಿಮಗೆ ಅನುಕೂಲ ಆಗೋ ರೂಲ್ ಬರೋ ಹಾಗೆ ಒಳಗೊಳಗೇ ಕೆಲಸ ಮಾಡೋದು, ಅದು ನಿಜವಾದ ಎಫ್ ಒನ್‌ನ ಅರ್ಧ ಭಾಗ ಸ್ವಾಮಿ. ಈ ವರ್ಷ ಕಾರುಗಳು ನೆಟ್ಟಗಿನ ರೋಡಲ್ಲೇ ಕುಣೀತಿವೆ, ಪಾರ್ಪಾಯ್ಸಿಂಗ್ ಅಂತಾರಲ್ಲ, ಅದಕ್ಕೆ ರೂಲ್ ತರ್ಬೇಕು ಅಂತ ಮರ್ಸಿಡೀಸ್‌ನವರು, ಬೇಡ ಅಂತ ರೆಡ್‌ಬುಲ್‌ನವರು, ಬೇಸಿಗೆ ಪೂರ್ತಿ ಇದೇ ಜಗಳ ಆಯ್ತು. ಆ ಜಗಳ ಇಲ್ಲದ ಎಫ್ ಒನ್ ಗೇಮ್ ಸ್ವಲ್ಪ ಸಪ್ಪೆ ಅಂತ ನನ್ನ ಅಭಿಪ್ರಾಯ. ಸ್ಪ್ರಿಂಟ್ ಅನ್ನೋ ಶನಿವಾರದ ಚಿಕ್ಕ ರೇಸೂ ಇಲ್ಲ, ಅದು ಇಲ್ಲದ್ದಕ್ಕೆ ನನಗೇನೂ ಬೇಜಾರಿಲ್ಲ ಬಿಡಿ.

ಹಂಗಾದ್ರೆ ಯಾಕೆ ಕಾಯ್ತಿದೀನಿ ಅಂದ್ರೆ, ಎಫ್ ಒನ್ ಹೆಸರಲ್ಲಿ ಪಿಸಿ, ಕನ್ಸೋಲ್‌ಗೆ ದೊಡ್ಡ ಮ್ಯಾನೇಜರ್ ಗೇಮ್ ಅಂತ ಬಂದು ಎರಡು ದಶಕ ಆಯ್ತು. 1995ರಲ್ಲಿ ಮೈಕ್ರೋಪ್ರೋಸ್‌ನವರು 'ಗ್ರ್ಯಾನ್ ಪ್ರಿ ಮ್ಯಾನೇಜರ್' ಅಂತ ಮಾಡಿದ್ರು, ಆಮೇಲೆ 'ಗ್ರ್ಯಾನ್ ಪ್ರಿ ವರ್ಲ್ಡ್', 2000ದಲ್ಲಿ ಇಎಯವರದ್ದು ಒಂದು, ಅಲ್ಲಿಗೆ ಮುಗೀತು. ಈಗ ಮಾಡ್ತಿರೋರು ರೋಲರ್‌ಕೋಸ್ಟರ್ ಟೈಕೂನ್ 3, ಪ್ಲಾನೆಟ್ ಕೋಸ್ಟರ್, ಪ್ಲಾನೆಟ್ ಝೂ ಮಾಡಿದೋರು, ಏನನ್ನಾದ್ರೂ ಕಟ್ಟಿ ನಡೆಸೋ ಗೇಮ್ ಅಂದ್ರೆ ಅವರಿಗೆ ಕುಲಕಸುಬು. ಅದಕ್ಕೇ ಫ್ಯಾಕ್ಟರಿ ಭಾಗದ ಬಗ್ಗೆ ನನಗೆ ಭಯ ಇಲ್ಲ, ಭಯ ಇರೋದು ಭಾನುವಾರದ ಬಗ್ಗೆ. ಜೊತೆಗೆ ಇದು ಪ್ರತಿ ವರ್ಷ ಬರೋ ಸರಣಿ ಅಂತ ಬೇರೆ ಹೇಳಿದಾರೆ. ಈ ವರ್ಷ ಅರ್ಧ ಕೊಟ್ಟು ಮುಂದಿನ ವರ್ಷ ಇನ್ನರ್ಧಕ್ಕೆ ಮತ್ತೆ ಪೂರ್ತಿ ದುಡ್ಡು ಕೇಳಿದ್ರೆ ನಿಮ್ಮ ಹಳೇ ಸೇವ್ ಫೈಲೇ ವಾಸಿ, ಅಳಿಸಬೇಡಿ.

ಫೋನಲ್ಲಿ ಬರತ್ತಾ? ಪ್ಲೇ ಸ್ಟೋರಲ್ಲಿ ಹುಡುಕಿದ್ರೆ ಎಫ್ ಒನ್ ಕ್ಲಾಶ್ ಅಂತ ಬರ್ತಿದೆ.
(ಬಸ್ ಕಂಡಕ್ಟರ್, ಮಂಡ್ಯ)

ಇಲ್ಲ. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮಾತ್ರ. ಕ್ಲಾಶ್ ಬೇರೆ ಕಂಪನೀದು, ಅದಕ್ಕೂ ಮೊದಲು ಎಫ್ ಒನ್ ಮ್ಯಾನೇಜರ್ ಅಂತಾನೇ ಹೆಸರಿತ್ತು, ಅದಕ್ಕೇ ಎಲ್ರಿಗೂ ಗೊಂದಲ. ಫೋನಿಗೇ ಬೇಕು ಅಂದ್ರೆ 'ಮೋಟರ್‌ಸ್ಪೋರ್ಟ್ ಮ್ಯಾನೇಜರ್ ಮೊಬೈಲ್ 3' ನೋಡಿ, ಡ್ಯೂಟಿ ಮುಗಿದ ಮೇಲೆ ಒಂದೊಂದು ರೇಸ್ ಆಡೋಕೆ ಹೇಳಿ ಮಾಡಿಸಿದಂಗಿದೆ.

ನಾನು ಅಕೌಂಟೆನ್ಸಿ ಲೆಕ್ಚರರ್. ನನ್ನ ಮಗ ಈ ಗೇಮ್ ತೆಕ್ಕೊಡು ಅಂತ ಗಂಟುಬಿದ್ದಿದಾನೆ, ಇದರಲ್ಲಿ ಬಜೆಟ್ ಎಲ್ಲಾ ಇರತ್ತೆ ಅಮ್ಮ, ನಿನ್ನ ಸಬ್ಜೆಕ್ಟೇ ಅಂತ ಹೇಳ್ತಾನೆ. ನಿಜಾನಾ ಅಥವಾ ನನಗೆ ಟೋಪಿ ಹಾಕ್ತಿದಾನಾ?
(ತುಮಕೂರು)

ಮೇಡಂ, ಮಗ ಹೇಳ್ತಿರೋದು ನಿಜ, ಆದ್ರೂ ಟೋಪಿ ಹಾಕ್ತಿದಾನೆ.

ಎಫ್ ಒನ್‌ನಲ್ಲಿ 2021ರಿಂದ ಖರ್ಚಿಗೆ ಮಿತಿ ಬಂದಿದೆ, ಕಾಸ್ಟ್ ಕ್ಯಾಪ್ ಅಂತಾರೆ. ಹೋದ ವರ್ಷ 14.5 ಕೋಟಿ ಡಾಲರ್, ಈ ವರ್ಷ 14 ಕೋಟಿ, ಅದರ ಮೇಲೆ ಬೆಲೆ ಏರಿಕೆ ಅಂತ ಹೋದ ತಿಂಗಳು ಶೇಕಡ 3.1 ಸೇರಿಸೋಕೆ ಒಪ್ಪಿದಾರೆ. ಡ್ರೈವರ್ ಸಂಬಳ ಮತ್ತೆ ಅತಿ ಹೆಚ್ಚು ಸಂಬಳದ ಮೂರು ಜನರ ಲೆಕ್ಕ ಇದರೊಳಗೆ ಬರಲ್ಲ. ಗೇಮಲ್ಲೂ ಈ ಮಿತಿ ಇದೆ, ಅಂದ್ರೆ ಓನರ್ ಹತ್ರ ಎಷ್ಟೇ ದುಡ್ಡಿರಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು. ಡ್ರೈವರ್ ಒಬ್ಬ ಫ್ರಂಟ್ ವಿಂಗ್ ಗುದ್ದಿ ಮುರಿದ ಅಂದ್ರೆ ಇನ್ನೊಂದು ಮಾಡಿಸೋ ಖರ್ಚು ಅದೇ ಮಿತಿಯೊಳಗಿಂದಾನೇ ಬರ್ಬೇಕು, ಆ ದುಡ್ಡಲ್ಲಿ ಮಾಡ್ಬೇಕಾಗಿದ್ದ ಹೊಸ ಫ್ಲೋರ್ ಮುಂದಕ್ಕೆ ಹೋಗತ್ತೆ.

ಇನ್ನೊಂದು ರೂಲ್ ಇದೆ, ಅದು ನನಗೆ ಇನ್ನೂ ಇಷ್ಟ. ಗಾಳಿ ಸುರಂಗದಲ್ಲಿ ಅಂದ್ರೆ ವಿಂಡ್ ಟನಲ್ಲಲ್ಲಿ ಕಾರ್ ಮಾದರಿ ಇಟ್ಟು ಪರೀಕ್ಷೆ ಮಾಡೋ ಅವಕಾಶ ಎಲ್ರಿಗೂ ಸಮ ಅಲ್ಲ. ಏಳನೇ ಜಾಗದವರಿಗೆ ನೂರು ಅಂತ ಇಟ್ಕೊಂಡ್ರೆ ಮೊದಲನೇ ಜಾಗದವರಿಗೆ 70, ಕೊನೇ ಜಾಗದವರಿಗೆ 115, ನಡುವೆ ಒಂದೊಂದು ಮೆಟ್ಟಿಲಿಗೆ ಐದೈದು. ವರ್ಷದ ಮಧ್ಯೆ ಜೂನ್ ಕೊನೇಲಿ ಆಗಿನ ಪಾಯಿಂಟ್ ಪಟ್ಟಿ ನೋಡಿ ಮತ್ತೆ ಹಂಚ್ತಾರೆ. ಗೆದ್ದವನಿಗೆ ಕಮ್ಮಿ, ಸೋತವನಿಗೆ ಜಾಸ್ತಿ. ಅದಕ್ಕೇ ಗೇಮಲ್ಲಿ ಬಡ ಟೀಮ್ ತಗೊಂಡವರಿಗೂ ಒಂದು ದಾರಿ ಇರತ್ತೆ, ಈ ವರ್ಷ ಹೋದ್ರೆ ಹೋಗ್ಲಿ ಅಂತ ಇರೋ ಟೈಮನ್ನೆಲ್ಲ ಮುಂದಿನ ವರ್ಷದ ಕಾರಿಗೆ ಹಾಕ್ಬಹುದು, ಆದ್ರೆ ಅಷ್ಟರಲ್ಲಿ ಬೋರ್ಡ್‌ನವರು ನಿಮ್ಮನ್ನ ಮನೆಗೆ ಕಳಿಸದೇ ಇದ್ರೆ.

ತೆಕ್ಕೊಡಿ ಮೇಡಂ. ತಿಂಗಳಾದ ಮೇಲೆ ಅವನ ಟೀಮಿನ ಬ್ಯಾಲೆನ್ಸ್ ಶೀಟ್ ತೋರಿಸು ಅಂತ ಕೇಳಿ.

ಯಾವ ಟೀಮ್ ತಗೊಂಡ್ರೆ ಚೆನ್ನಾಗಿರತ್ತೆ? ರೆಡ್‌ಬುಲ್ ಅಂದ್ಕೊಂಡಿದೀನಿ.
(ಪಿಯುಸಿ, ಕೋಲಾರ)

ರೆಡ್‌ಬುಲ್ ತಗೊಂಡ್ರೆ ಮೊದಲ ವಾರಾನೇ ಮುಗಿದು ಹೋಗತ್ತೆ ಮಗಾ. ನಾನು ವಿಲಿಯಮ್ಸ್ ತಗೋತೀನಿ. ಕಾರಣ ಏಪ್ರಿಲಲ್ಲಿ ಮೆಲ್ಬರ್ನಲ್ಲಿ ಅವರ ಡ್ರೈವರ್ ಆಲ್ಬನ್ ಮಾಡಿದ್ದು. ಕ್ವಾಲಿಫೈಯಿಂಗ್, ಅಂದ್ರೆ ಶುರುವಿನ ಜಾಗ ತೀರ್ಮಾನಿಸೋ ಓಟ, ಆದಮೇಲೆ ಕಾರಲ್ಲಿ ಸ್ಯಾಂಪಲ್‌ಗೆ ಬೇಕಾದಷ್ಟು ಪೆಟ್ರೋಲ್ ಉಳಿದಿಲ್ಲ ಅಂತ ಡಿಸ್ಕ್ವಾಲಿಫೈ ಮಾಡಿ ಕೊನೇ ಜಾಗಕ್ಕೆ ಹಾಕಿದ್ರು. ಕಾರ್ ಬೇರೆ ಆ ಹೊತ್ತಿಗೆ ಗ್ರಿಡ್‌ನಲ್ಲೇ ನಿಧಾನದ್ದರಲ್ಲಿ ಒಂದು. ಟೀಮ್‌ನವರು ಏನ್ ಮಾಡಿದ್ರು, ಹಾರ್ಡ್ ಟೈರ್ ಹಾಕಿ ಕಳಿಸಿದ್ರು, ಒಬ್ಬೊಬ್ರೇ ಪಿಟ್‌ಗೆ ಹೋಗ್ತಿದ್ದಂಗೆ ಇವನು ಸುಮ್ನೆ ಓಡ್ತಾನೇ ಇದ್ದ, ಏಳನೇ ಜಾಗದವರೆಗೂ ಬಂದ, 58 ಲ್ಯಾಪ್ ರೇಸಲ್ಲಿ 57 ಲ್ಯಾಪ್ ಅದೇ ಟೈರ್! ರೂಲ್ ಪ್ರಕಾರ ಒಣ ರೇಸಲ್ಲಿ ಎರಡು ಥರದ ಟೈರ್ ಬಳಸಲೇಬೇಕು, ಅದಕ್ಕೇ ಕೊನೇ ಲ್ಯಾಪ್‌ಗೆ ಮುಂಚೆ ಒಳಗೆ ಬಂದು ಹೊಸ ಟೈರ್ ಹಾಕಿಸ್ಕೊಂಡು, ಅಷ್ಟೊತ್ತಿಗೆ ಹಿಂದಿನವರಿಂದ ಸಾಕಷ್ಟು ದೂರ ಮಾಡ್ಕೊಂಡಿದ್ದ, ಆಚೆ ಬಂದಾಗ ಹತ್ತನೇ ಜಾಗ. ಒಂದು ಪಾಯಿಂಟ್. ಗೆದ್ದಿದ್ದು ಲೆಕ್ಲೇರ್, ಆದ್ರೆ ಆ ದಿನ ಪಿಟ್ ವಾಲ್ ಮೇಲೆ ಕೂತವರು ಗೆದ್ದಿದ್ದು ಅಂದ್ರೆ ವಿಲಿಯಮ್ಸ್‌ನಲ್ಲೇ. ಇಂಥ ಒಂದು ಪಾಯಿಂಟ್ ಗೇಮಲ್ಲಿ ನನ್ನ ಕೈಯಿಂದ ಬಂದ್ರೆ ಸಾಕು.

ಫೋರ್ಸ್ ಇಂಡಿಯಾ ಇದ್ಯಾ? ನಮ್ಮ ಬೆಂಗಳೂರಿನವರ ಟೀಮ್ ಅಂತ ಎಷ್ಟು ಹೆಮ್ಮೆಯಿಂದ ನೋಡ್ತಿದ್ವಿ. ಈಗ ಆ ಹೆಸರು ಹೇಳಿದ್ರೆ ಎಲ್ರೂ ನಗ್ತಾರೆ.
(ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ)

ಹೆಸರು ಇಲ್ಲ ಸಾರ್, ಆದ್ರೆ ಟೀಮ್ ಇದೆ. ಸಿಲ್ವರ್‌ಸ್ಟೋನ್ ಟ್ರ್ಯಾಕ್ ಪಕ್ಕದಲ್ಲಿರೋ ಅದೇ ಜಾಗ, 1991ರಲ್ಲಿ ಜೋರ್ಡನ್ ಅಂತ ಶುರು ಆಯ್ತು, ಮಿಡ್‌ಲ್ಯಾಂಡ್ ಆಯ್ತು, ಸ್ಪೈಕರ್ ಆಯ್ತು, 2008ಕ್ಕೆ ವಿಜಯ್ ಮಲ್ಯ ಕೈಗೆ ಬಂದು ಫೋರ್ಸ್ ಇಂಡಿಯಾ ಆಯ್ತು, ಆಮೇಲೆ ರೇಸಿಂಗ್ ಪಾಯಿಂಟ್, ಈಗ ಆಸ್ಟನ್ ಮಾರ್ಟಿನ್. ನೀವು ಆಸ್ಟನ್ ಮಾರ್ಟಿನ್ ತಗೊಂಡು ಆಡಿದ್ರೆ ಒಂಥರಾ ಅದೇ.

ನಗೋರು ಮಾಲೀಕರನ್ನ ನೋಡಿ ನಗ್ತಾರೆ, ಅದು ಬೇರೆ ಲೆಕ್ಕ, ಬ್ಯಾಂಕಲ್ಲಿದ್ದ ನಿಮಗೆ ನಾನೇನು ಹೇಳ್ಲಿ. ಟೀಮನ್ನ ನೋಡಿ ನಗೋ ಹಾಗಿಲ್ಲ. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅವರ ಡ್ರೈವರ್ ಫಿಸಿಕೆಲ್ಲಾ ಪೋಲ್ ತಗೊಂಡು ಎರಡನೇದಾದ, ಟೀಮಿನ ಮೊಟ್ಟಮೊದಲ ಪಾಯಿಂಟ್‌ಗಳೇ ಅವು. ಆಮೇಲೆ 2016, 2017 ಎರಡು ವರ್ಷ ಸತತವಾಗಿ ನಾಲ್ಕನೇ ಜಾಗ, 173 ಪಾಯಿಂಟ್, 187 ಪಾಯಿಂಟ್, ಮುಂದೆ ಇದ್ದಿದ್ದು ಮರ್ಸಿಡೀಸ್, ಫೆರಾರಿ, ರೆಡ್‌ಬುಲ್ ಮಾತ್ರ. ಆಗ ಖರ್ಚಿಗೆ ಮಿತಿಯೇ ಇಲ್ಲದ ಕಾಲ, ಇವರ ಹತ್ರ ಇದ್ದ ದುಡ್ಡು ಆ ಮೂವರ ಮುಂದೆ ಏನೇನೂ ಅಲ್ಲ. ಇಂಜಿನ್, ಗೇರ್‌ಬಾಕ್ಸ್ ಮರ್ಸಿಡೀಸಿಂದ ತಗೊಂಡು, ವಿಂಡ್ ಟನಲ್ ಜರ್ಮನಿಯ ಕಲೋನಲ್ಲಿ ಟೊಯೊಟಾದವರದ್ದು ಬಾಡಿಗೆಗೆ ತಗೊಂಡು, ಎಲ್ಲಿ ಖರ್ಚು ಮಾಡಿದ್ರೆ ಲ್ಯಾಪ್ ಟೈಮ್ ಬರತ್ತೋ ಅಲ್ಲಿ ಮಾತ್ರ ಮಾಡಿದ್ರು. ಡ್ರೈವರ್ ಪೆರೆಝ್‌ಗೆ ಟೈರ್ ಉಳಿಸೋದು ಗೊತ್ತಿತ್ತು, ಬೇರೆಯವರು ಎರಡು ಸಲ ಪಿಟ್‌ಗೆ ಬಂದ್ರೆ ಇವನು ಒಂದೇ ಸಲ, ಹಂಗೇ ಪೋಡಿಯಂ ಹತ್ತಿಬಿಡ್ತಿದ್ದ. 2017ರಲ್ಲಿ ಪೆರೆಝ್ ಮತ್ತೆ ಒಕಾನ್ ಒಬ್ಬರಿಗೊಬ್ಬರು ಗುದ್ದಾಡ್ಕೊಂಡು ಬಾಕುವಲ್ಲಿ ಒಳ್ಳೇ ರಿಸಲ್ಟ್ ಕಳೆದ್ರು, ಸ್ಪಾದಲ್ಲಿ ಒಂದೇ ರೇಸಲ್ಲಿ ಎರಡು ಸಲ ತಗುಲಿಸ್ಕೊಂಡ್ರು, ಆಮೇಲೆ ಟೀಮ್‌ನವರು ಸಾಕಪ್ಪಾ ನಿಮ್ಮ ಸಹವಾಸ ಅಂತ ಟೀಮ್ ಆರ್ಡರ್ ಹಾಕಿದ್ರು. ಮ್ಯಾನೇಜರ್ ಗೇಮಲ್ಲಿ ನಾವು ಏನೇನು ಮಾಡ್ಬೇಕು ಅಂತಿದೀವೋ ಅದೆಲ್ಲ ಆ ಜನ ನಿಜವಾಗ್ಲೂ ಮಾಡಿ ತೋರಿಸಿದ್ರು.

2018ರ ಜುಲೈಯಲ್ಲಿ ಸಾಲಗಾರರ ಕಾಟಕ್ಕೆ ಟೀಮ್ ಅಡ್ಮಿನಿಸ್ಟ್ರೇಷನ್‌ಗೆ, ಅಂದ್ರೆ ದಿವಾಳಿ ತಪ್ಪಿಸೋಕೆ ಕೋರ್ಟ್ ನೇಮಿಸಿದವರ ಕೈಗೆ, ಹೋಯ್ತಲ್ಲ, ಆ ಕಾನೂನು ಹೆಜ್ಜೆ ಇಟ್ಟಿದ್ದು ಪೆರೆಝೇ. ಅವನಿಗೂ ಬಾಕಿ ಬರ್ಬೇಕಿತ್ತು, ಆದ್ರೆ ಟೀಮ್ ಮುಚ್ಚಿಹೋಗೋ ಮುಂಚೆ ಯಾರಾದ್ರೂ ಕೊಂಡ್ಕೊಳ್ಳೋ ಹಾಗೆ ಆಗ್ಲಿ, ಸುಮಾರು 400 ಜನರ ಕೆಲಸ ಉಳೀಲಿ ಅಂತ. ಉಳೀತು. ಹಾಗಾಗಿ ಯಾರಾದ್ರೂ ನಕ್ರೆ ಆ ನಾಲ್ಕನೇ ಜಾಗ ಎರಡು ಸಲ ಬಂದಿದ್ದನ್ನ ನೆನಪಿಸಿ.

ದೆಹಲಿ ಹತ್ರದ ಬುದ್ಧ್ ಸರ್ಕ್ಯೂಟ್ ಉಂಟಾ ಮಾರಾಯ್ರೆ? ನಮ್ಮವರು ಯಾರಾದ್ರೂ ಡ್ರೈವರ್ ಉಂಟಾ?
(ಕಾಲೇಜ್ ವಿದ್ಯಾರ್ಥಿನಿ, ಮಂಗಳೂರು)

ಬುದ್ಧ್ ಇಲ್ಲ, ಈ ವರ್ಷದ 22 ರೇಸಿನ ಟ್ರ್ಯಾಕ್ ಮಾತ್ರ. ಅಲ್ಲಿ ನಡೆದಿದ್ದೇ ಮೂರು ರೇಸ್, 2011ರಿಂದ 2013, ಮೂರೂ ವೆಟ್ಟಲ್ ಗೆದ್ದ.

ನಮ್ಮವರು ಅಂದ್ರೆ, ಈ ವರ್ಷದ ಎಫ್ ಟೂ, ಎಫ್ ತ್ರೀ ಹುಡುಗರು ಗೇಮಲ್ಲಿ ಇರ್ತಾರೆ ಅಂದಿದಾರೆ, ಹಂಗಾಗಿ ಇಬ್ಬರ ಮೇಲೆ ಕಣ್ಣಿಡಿ. ಒಬ್ಬ ಮುಂಬೈನ ಜೆಹಾನ್ ದಾರುವಾಲ, ಎಫ್ ಟೂನಲ್ಲಿ ಪ್ರೇಮಾ ಟೀಮಲ್ಲಿ ಇದಾನೆ, ಜೂನಲ್ಲಿ ಮೆಕ್ಲಾರನ್‌ನವರು ಕರೆದು ಹಳೇ ಕಾರ್ ಓಡಿಸೋಕೆ ಕೊಟ್ಟಿದ್ರು. ಇನ್ನೊಬ್ಬ ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ, ಎಫ್ ತ್ರೀನಲ್ಲಿ ಎಂಪಿ ಮೋಟರ್‌ಸ್ಪೋರ್ಟ್‌ಗೆ ಓಡಿಸ್ತಿದಾನೆ. ನನ್ನ ಪ್ಲಾನ್ ಈಗ್ಲೇ ಹೇಳಿಬಿಡ್ತೀನಿ, ವಿಲಿಯಮ್ಸಲ್ಲಿ ಎರಡನೇ ಸೀಟ್ ಖಾಲಿ ಆದ ದಿನ ಕುಶ್‌ಗೆ ಫೋನ್. ರೇಟಿಂಗ್ ಎಷ್ಟು ಕೊಟ್ಟಿರ್ತಾರೋ ಏನೋ, ಬೋರ್ಡ್‌ನವರು ಬೈದ್ರೂ ಪರವಾಗಿಲ್ಲ.

ಇನ್ನೊಂದು ಖುಷಿ ವಿಷಯ, ಕಾಮೆಂಟರಿಗೆ ಡೇವಿಡ್ ಕ್ರಾಫ್ಟ್ ಜೊತೆ ಇರೋದು ಚೆನ್ನೈನ ಕರುಣ್ ಚಂದೋಕ್. 2010ರಲ್ಲಿ ಎಚ್‌ಆರ್‌ಟಿ ಅನ್ನೋ ಕೊನೇ ಜಾಗದ ಕಾರ್ ಓಡಿಸಿದವರು, ಅಂದ್ರೆ ಬಡ ಟೀಮಿನ ಕಷ್ಟ ಒಳಗಿಂದ ನೋಡಿದವರು.

ಒಂದು ರೇಸ್‌ಗೆ ಎಷ್ಟೊತ್ತು ಬೇಕು? ಮಗು ಮಲಗಿದ ಮೇಲೆ ನನಗೆ ಸಿಗೋದೇ ಒಂದು ಗಂಟೆ.
(ಶಿವಮೊಗ್ಗ)

ಸಾಕಾಗತ್ತೆ. ರೇಸ್ ಪೂರ್ತಿ ಲ್ಯಾಪಿಂದು, ಆದ್ರೆ ಸ್ಪೀಡ್ ಜಾಸ್ತಿ ಮಾಡ್ಕೋಬಹುದು, ಪ್ರಾಕ್ಟೀಸ್ ಕ್ವಾಲಿಫೈಯಿಂಗ್ ಸಹಾಯಕರಿಗೆ ಬಿಟ್ಟುಬಿಡಬಹುದು. ಹೆಡ್‌ಫೋನ್ ಮರೀಬೇಡಿ.

ವೆಟ್ಟಲ್ ನಿವೃತ್ತಿ ಅಂದ್ರು, ಅವನ ಜಾಗಕ್ಕೆ ಅಲೊನ್ಸೋ ಅಂದ್ರು, ಅಲೊನ್ಸೋ ಜಾಗಕ್ಕೆ ಪಿಯಾಸ್ಟ್ರಿ ಅಂತ ಆಲ್ಪೀನ್ ಅಂದ್ರೆ ಅವನೇ ಟ್ವಿಟರಲ್ಲಿ ನಾನು ಬರಲ್ಲ ಅಂದ. ಗೇಮ್ ಬರೋ ಹೊತ್ತಿಗೆ ಎಲ್ಲಾ ಅದಲು ಬದಲಾಗಿರತ್ತಲ್ಲ, ಆವಾಗ?
(ವಕೀಲರು, ಬೆಳಗಾವಿ)

ಗೇಮ್ ಶುರು ಆಗೋದು ಈ ಸೀಸನ್ ಶುರುವಿಂದ, ಬಹ್ರೇನ್ ರೇಸ್‌ಗೆ ಮುಂಚೆ, ಆಗ ವೆಟ್ಟಲ್ ಆಸ್ಟನಲ್ಲೇ, ಅಲೊನ್ಸೋ ಆಲ್ಪೀನಲ್ಲೇ ಇರ್ತಾರೆ. ಅಲ್ಲಿಂದ ಮುಂದೆ ಯಾರು ಎಲ್ಲಿಗೆ ಅನ್ನೋದು ನಿಮ್ಮ ಸೇವ್ ಫೈಲಿನ ಹಣೆಬರಹ. ಇನ್ನು ಪಿಯಾಸ್ಟ್ರಿ ವಿಷಯ, ಆಗಸ್ಟ್ 2ನೇ ತಾರೀಕು ಆಲ್ಪೀನ್‌ನವರು 'ನಮ್ಮ ಡ್ರೈವರ್' ಅಂತ ಪ್ರಕಟಣೆ ಕೊಟ್ಟು, ಕೆಲವೇ ಗಂಟೆಯಲ್ಲಿ ಅವನು 'ನಾನು ಸಹಿ ಹಾಕಿಲ್ಲ' ಅಂತ ಬರೆದ್ನಲ್ಲ, ಅಂಥದ್ದನ್ನ ಗೇಮ್ ಮಾಡೋರು ಕಲ್ಪಿಸ್ಕೊಂಡು ಹಾಕಿದ್ರೆ ಇದು ಅತಿ ಆಯ್ತು ಅಂತ ನಾವೇ ಬೈತಿದ್ವಿ. ವಕೀಲರು ನೀವು, ಆ ಕಾಂಟ್ರಾಕ್ಟ್ ಯಾರ ಕಡೆ ನಿಲ್ಲತ್ತೆ ಅಂತ ನಿಮ್ಮ ಅಂದಾಜು ಬರೆದು ಕಳಿಸಿ, ಮುಂದಿನ ಸಂಚಿಕೇಲಿ ಹಾಕ್ತೀವಿ.